ಯಾವ ಫೋಟೋಗೆ ಯಾವ ಲೆನ್ಸು?

ಕ್ಯಾಮೆರಾ ದೊಡ್ಡದಿದ್ರೆ ಫೋಟೋ ಚೆನ್ನಾಗಿ ಬರುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆದರೆ ಮುಖ್ಯವಾದದ್ದು ಮುಂದಿರುವ ಲೆನ್ಸು, ಅಂದರೆ ಮಸೂರ. ಅದರ ಮೇಲೆ 28, 50, 100, 400 ಹೀಗೆ ಮಿ.ಮೀ. ಲೆಕ್ಕದಲ್ಲಿ ನಂಬರು ಬರೆದಿರುತ್ತದೆ. ವಿಜ್ಞಾನ ಪಾಠದಲ್ಲಿ ಬರುವ ಸಂಗಮ ದೂರ ಅಂದರೆ ಇದೇ! ನಂಬರು ಚಿಕ್ಕದಾದಷ್ಟೂ ಹೆಚ್ಚು ಜಾಗ ಕಾಣುತ್ತೆ. ದೊಡ್ಡದಾದಷ್ಟೂ ದೂರದ ವಸ್ತು ದೊಡ್ಡದಾಗಿ ಕಾಣುತ್ತೆ.

36 ಮಿ.ಮೀ. ಅಗಲದ ಫಿಲ್ಮ್ ಅಥವಾ ಸೆನ್ಸರ್ ಇರುವ ಕ್ಯಾಮೆರಾಗೆ ಒಂದು ಸುಲಭ ಲೆಕ್ಕ ಇದೆ:

ಕಾಣುವ ಅಗಲ = ದೂರ × 36 ÷ ಲೆನ್ಸಿನ ನಂಬರು

10 ಮೀಟರ್ ದೂರದಲ್ಲಿ ನಿಂತರೆ ಕಾಣುವ ಅಗಲ:
28 – ಸುಮಾರು 13 ಮೀಟರ್
50 – 7.2 ಮೀಟರ್
100 – 3.6 ಮೀಟರ್
400 – 90 ಸೆಂ.ಮೀ. ಮಾತ್ರ!

1. ಗುಂಪು ಫೋಟೋ: ಜಾಗ ಕಡಿಮೆ ಇದ್ದರೆ 28 ಅಥವಾ 35. ಆದರೆ 28ರಲ್ಲಿ ತುದಿಯಲ್ಲಿ ನಿಂತವರು ಅಡ್ಡಡ್ಡ ಎಳೆದ ಹಾಗೆ ಕಾಣ್ತಾರೆ. ಮೈದಾನ ಇದ್ದರೆ ಹಿಂದೆ ಸರಿದು 50ರಲ್ಲಿ ತೆಗೆಯುವುದೇ ಒಳ್ಳೆಯದು.

2. ಒಬ್ಬರ ಮುಖ: 85ರಿಂದ 100. ತೀರಾ ಹತ್ತಿರದಿಂದ ತೆಗೆದರೆ ಮೂಗು ದಪ್ಪ, ಕಿವಿ ಸಣ್ಣ ಆಗುತ್ತೆ. ಐದಾರು ಅಡಿ ದೂರ ನಿಂತು ಈ ಲೆನ್ಸಿನಲ್ಲಿ ತೆಗೆದರೆ ಮುಖ ಸರಿಯಾಗಿ ಬರುತ್ತೆ.

3. ಇರುವೆ, ಹೂವು: ಮ್ಯಾಕ್ರೋ ಲೆನ್ಸು. ಇದು ತೀರಾ ಹತ್ತಿರದ ವಸ್ತುವನ್ನೂ ಸ್ಪಷ್ಟವಾಗಿ ಹಿಡಿಯುತ್ತದೆ.

4. ಹಕ್ಕಿ: 400 ಅಥವಾ ಅದಕ್ಕಿಂತ ಹೆಚ್ಚು. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಆದರೆ ಎಲ್ಲಾ ಹಕ್ಕಿಗಳೂ ಜನರನ್ನು ಹಾಗೆ ಸಹಿಸುವುದಿಲ್ಲ. ಗೂಡಿನ ಹತ್ತಿರ ಹೋದರೆ ತಾಯಿ ಹಾರಿಹೋಗುತ್ತೆ. ಆಮೇಲೆ ಮೊಟ್ಟೆ, ಮರಿಗಳು ಬಿಸಿಲಿಗೋ ಕಾಗೆಗೋ ಬಲಿ. ನಮಗೊಂದು ಫೋಟೋ ಸಿಕ್ಕಿತು, ಅದಕ್ಕೆ ಸಂಸಾರವೇ ಹೋಯಿತು!

ಫೋನಿನಲ್ಲಿ ತೆಗೆಯುವವರೂ ಗಮನಿಸಿ. ಪರದೆಯನ್ನು ಬೆರಳಿನಿಂದ ತುಂಬಾ ಹಿಗ್ಗಿಸಿದರೆ ಉದ್ದ ಲೆನ್ಸು ಹಾಕಿದಂತೆ ಆಗುವುದಿಲ್ಲ. ಚಿತ್ರದ ನಡುಭಾಗವನ್ನು ಕತ್ತರಿಸಿ ದೊಡ್ಡದು ಮಾಡಿದಂತೆ ಅಷ್ಟೆ. ಅದಕ್ಕೇ ಮಂಜುಮಂಜಾಗಿ ಬರುತ್ತೆ.

ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ 'ನಾನು ಎಷ್ಟು ದೂರ ನಿಲ್ಲಬೇಕು?' ಎಂಬುದು. ಲೆನ್ಸು ಆರಿಸುವುದು ಆಮೇಲೆ. ಉದ್ದ ಲೆನ್ಸು ಇಲ್ಲ ಅಂತ ಯಾರೂ ಗೂಡಿನ ಹತ್ತಿರ ಹೋಗಬೇಡಿ. ದೂರದಿಂದ ಕಣ್ತುಂಬಾ ನೋಡಿದರೆ ಸಾಕು.

ಲೆಕ್ಕ ಮಾಡಿ: 20 ಮೀಟರ್ ದೂರದ ಗೂಡಿಗೆ 400ರ ಲೆನ್ಸು ಹಿಡಿದರೆ ಎಷ್ಟು ಅಗಲ ಕಾಣುತ್ತೆ?
(ಉತ್ತರ: 1.8 ಮೀಟರ್)