ಗಂಟು ತೆಗೆದ ಮೇಲೆ ಇನ್ನೇನು ಪರೀಕ್ಷೆ?

ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರದ ಕಡೆಯವರು ದೊಡ್ಡ ಕಾಯಿಲೆ ಎಂದರೆ ಬೀದರಿಗೆ, ಕಲಬುರಗಿಯ ಕಿದ್ವಾಯಿ ಶಾಖೆಗೆ, ಇಲ್ಲವೇ ಗಡಿ ದಾಟಿ ಸೋಲಾಪುರ, ಹೈದರಾಬಾದಿಗೆ ಹೋಗುತ್ತಾರೆ. ಹೊರಡುವಾಗಲೇ ಯಾರಾದರೂ ಹೇಳಿರುತ್ತಾರೆ: ‘ತುಂಡು ತೆಗೆಸಬ್ಯಾಡ್ರಿ, ಕತ್ತರಿ ತಾಕಿದ್ರ ಕ್ಯಾನ್ಸರ್ ಮೈತುಂಬ ಹಬ್ಬತದ.’

ಇದು ತಪ್ಪು. ಕೊಲೊನೋಸ್ಕೋಪಿಯಲ್ಲಿ ಕರುಳಿನ ಚೂರು ತೆಗೆದರೆ ರೋಗ ಹಬ್ಬುವುದಿಲ್ಲ. ನಮ್ಮಲ್ಲಿ ಬಹಳ ಮಂದಿ ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ತಿಂಗಳುಗಟ್ಟಲೆ ತಡೆದುಕೊಳ್ಳುತ್ತಾರೆ. ಪರೀಕ್ಷೆಯ ಹೊತ್ತಿಗೆ ರೋಗ ಬಲಿತಿರುತ್ತದೆ, ಆಪಾದನೆ ಮಾತ್ರ ಕತ್ತರಿಯ ಮೇಲೆ.

ಇನ್ನೊಂದು ನಂಬಿಕೆ ಇದಕ್ಕೆ ತದ್ವಿರುದ್ಧ: ‘ಗಂಟು ಸಣ್ಣದಿತ್ತು, ತೆಗೆದರು, ಮುಗಿಯಿತು.’ ಕ್ಯಾನ್ಸರ್ ಕರುಳಿನ ಒಳಪೊರೆಯಲ್ಲೇ ನಿಂತಿದ್ದರೆ ಈ ಮಾತು ನಿಜ. ಅದರ ಕೆಳಪದರಕ್ಕೆ ಇಳಿದಿದ್ದರೆ, ಸುಮಾರು ನೂರರಲ್ಲಿ ಹತ್ತು ಜನರಿಗೆ ಕರುಳಿನ ಪಕ್ಕದ ದುಗ್ಧಗ್ರಂಥಿಗಳಿಗೆ ಆಗಲೇ ಹರಡಿರುತ್ತದೆ. ಗ್ರಂಥಿ ದಪ್ಪವಾಗಿರದಿದ್ದರೆ ಸಿಟಿ ಸ್ಕ್ಯಾನಿಗೂ ಇದು ಸಿಗದು. ಹಾಗೆಂದು ಎಲ್ಲರ ಕರುಳನ್ನೂ ಕತ್ತರಿಸಿದರೆ ಉಳಿದ ತೊಂಬತ್ತು ಜನರಿಗೆ ಬೇಡದ ಆಪರೇಷನ್.

ಯಾರಿಗೆ ಬೇಕು ಎಂಬುದರ ಸುಳಿವು ತೆಗೆದ ತುಂಡಿನಲ್ಲೇ ಇರುತ್ತದೆ. ಅದನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಹೆರೆದು ಬಣ್ಣ ಹಾಕುತ್ತಾರೆ. ಹೆಮಟಾಕ್ಸಿಲಿನ್ ಕೋಶಕೇಂದ್ರವನ್ನು ನೀಲಿಯಾಗಿಸುತ್ತದೆ, ಇಯೋಸಿನ್ ಉಳಿದದ್ದನ್ನು ಗುಲಾಬಿಯಾಗಿಸುತ್ತದೆ. ಕ್ಯಾನ್ಸರ್ 1 ಮಿ.ಮೀ.ಗಿಂತ ಆಳಕ್ಕೆ ಇಳಿದಿದೆಯೇ, ಕೋಶಗಳು ರೂಪಗೆಟ್ಟಿವೆಯೇ, ನಾಳಕ್ಕೆ ನುಗ್ಗಿವೆಯೇ ಎಂದು ಪ್ಯಾಥಾಲಜಿಸ್ಟ್ ನೋಡುತ್ತಾರೆ. ಗಂಟಿನ ಮುಂಚೂಣಿಯಿಂದ ಕಳಚಿಕೊಂಡ, ಒಂದರಿಂದ ನಾಲ್ಕು ಕೋಶಗಳ ‘ಮೊಗ್ಗು’ಗಳನ್ನೂ ಎಣಿಸುತ್ತಾರೆ. 2016ರಲ್ಲಿ ಸ್ವಿಟ್ಜರ್‌ಲೆಂಡಿನ ಬರ್ನ್‌ನಲ್ಲಿ ತಜ್ಞರು ಒಪ್ಪಿದ ಲೆಕ್ಕದಂತೆ, ಅವು ಅತಿ ದಟ್ಟವಾಗಿರುವ 0.785 ಚದರ ಮಿ.ಮೀ. ಜಾಗದಲ್ಲಿ ನಾಲ್ಕರವರೆಗೆ ಇದ್ದರೆ ಕಡಿಮೆ, ಐದರಿಂದ ಒಂಬತ್ತು ಮಧ್ಯಮ, ಹತ್ತು ಅಥವಾ ಅದಕ್ಕೂ ಮೀರಿದರೆ ಹೆಚ್ಚು.

ಕೆಲವೊಮ್ಮೆ ಅಂಗಾಂಶ ಕುಗ್ಗಿ ಬಿಟ್ಟ ಸಂದು ನಾಳದಂತೆಯೇ ಕಾಣುತ್ತದೆ. ಆಗ ಡಿ2-40 ಎಂಬ ಪ್ರತಿಕಾಯದ ಪರೀಕ್ಷೆ ನೆರವಿಗೆ ಬರುತ್ತದೆ. ನಿಜವಾದ ದುಗ್ಧನಾಳವಾಗಿದ್ದರೆ ಅದರ ಗೋಡೆ ಕಂದು ಬಣ್ಣಕ್ಕೆ ತಿರುಗುತ್ತದೆ.

ಆದರೆ ‘ಬಣ್ಣದ ಪರೀಕ್ಷೆ ಖಚಿತವಾಗಿ ಹೇಳಿಬಿಡುತ್ತದೆ’ ಎಂಬುದೂ ಸರಿಯಲ್ಲ. ಅದು ಹೇಳುವುದು ಸಂಭವವನ್ನು. ಈ ಯಾವ ಲಕ್ಷಣವೂ ಇಲ್ಲದೆ, ಗಂಟು ಪೂರ್ತಿ ಬಂದಿದ್ದರೆ ಭಯ ತೀರ ಕಡಿಮೆ. ಲಕ್ಷಣವಿದ್ದರೆ ರೋಗಿಯ ವಯಸ್ಸು, ತ್ರಾಣ ನೋಡಿಕೊಂಡು ಆಪರೇಷನ್ ಮಾತು.

ತುಂಡನ್ನು ಲ್ಯಾಬಿಗೆ ಒಯ್ಯುವ ಕೆಲಸ ಮನೆಯವರ ಪಾಲಿಗೆ ಬಂದರೆ, ಅದು ನೀರಿನಲ್ಲಲ್ಲ, ಫಾರ್ಮಲಿನ್‌ನಲ್ಲಿ ಇದೆಯೇ ಎಂದು ಕೇಳಿ. ನೀರಿನಲ್ಲಿ ಅದು ಕೊಳೆಯುತ್ತದೆ, ಆಮೇಲೆ ಯಾವ ಬಣ್ಣ ಹಾಕಿದರೂ ಪ್ರಯೋಜನವಿಲ್ಲ. ವರದಿಯ ಜತೆ ಸ್ಲೈಡು, ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ. ಬ್ಲಾಕ್ ವರ್ಷಗಟ್ಟಲೆ ಕೆಡುವುದಿಲ್ಲ. ಇನ್ನೊಬ್ಬ ತಜ್ಞರ ಅಭಿಪ್ರಾಯ ಬೇಕಾದಾಗ ರೋಗಿಯನ್ನು ಬೆಂಗಳೂರಿಗೆ ಎಳೆದುಕೊಂಡು ಹೋಗಬೇಕಿಲ್ಲ, ಬ್ಲಾಕ್ ಹೋದರೆ ಸಾಕು.