ಗುಂತಕಲ್ಲಿಗೆ ರೈಲು ನೋಡಹೊರಡುವ ಮುನ್ನ

ರೈಲು ಹತ್ತುವುದಕ್ಕಲ್ಲ, ನೋಡುವುದಕ್ಕೆಂದೇ ನಿಲ್ದಾಣಕ್ಕೆ ಹೋಗುವವರಿದ್ದಾರೆ ಎಂದರೆ ಹಿರಿಯರು ನಗುತ್ತಾರೆ. ಎಂಜಿನ್ನಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು, ಯಾವ ಗಾಡಿ ಯಾವ ದಿಕ್ಕಿನಿಂದ ಬಂದಿತೆಂದು ಗುರುತಿಸುವುದು, ಚಿತ್ರ ತೆಗೆಯುವುದು ಇವರ ಹವ್ಯಾಸ. ಆಂಧ್ರದ ಗಡಿಭಾಗದ ಕನ್ನಡಿಗರಲ್ಲಿ ಈ ಹವ್ಯಾಸವುಳ್ಳವರಿಗೆ ಗುಂತಕಲ್ಲಿಗಿಂತ ಸಮೀಪದ, ಅದಕ್ಕಿಂತ ಸಮೃದ್ಧವಾದ ಜಂಕ್ಷನ್ ಬೇರೊಂದಿಲ್ಲ. ಆದವಾನಿಯಿಂದಲೂ ಬಳ್ಳಾರಿಯಿಂದಲೂ ಅದು ಸುಮಾರು 50 ಕಿ.ಮೀ. ದೂರ. ರಾಯದುರ್ಗದವರು ಬಳ್ಳಾರಿಯಲ್ಲಿ ಗಾಡಿ ಬದಲಿಸಿ ಬರಬೇಕು.

ರಾಯಚೂರು, ಬಳ್ಳಾರಿ, ಧರ್ಮಾವರ, ಗುತ್ತಿ, ನಂದ್ಯಾಲ ಎಂಬ ಐದು ದಿಕ್ಕಿನ ಹಳಿಗಳು ಇಲ್ಲಿ ಕೂಡುತ್ತವೆ. 1871ರಲ್ಲಿ ಮದರಾಸಿನ ಹಳಿ ರಾಯಚೂರಿನಲ್ಲಿ ಮುಂಬಯಿಯ ಹಳಿಯನ್ನು ಸೇರಿದಾಗ ಗುಂತಕಲ್ ಆ ಹೆದ್ದಾರಿಯ ಮೇಲಿನ ಊರಾಯಿತು. ಮುಂದೆ ಹುಬ್ಬಳ್ಳಿಯ ಕಡೆಯಿಂದ ಮೀಟರ್‌ಗೇಜ್ ಬಂದು ಸೇರಿತು. ಎರಡು ಅಳತೆಯ ಹಳಿಗಳು ಅಕ್ಕಪಕ್ಕದಲ್ಲಿದ್ದ ಆ ಕಾಲದಲ್ಲಿ ಒಂದು ಗಾಡಿಯ ಸರಕನ್ನು ಇಳಿಸಿ ಇನ್ನೊಂದಕ್ಕೆ ಏರಿಸಬೇಕಿತ್ತು. ಇಂದು ಎಲ್ಲವೂ ಬ್ರಾಡ್‌ಗೇಜ್. ಬೆಂಗಳೂರಿನಿಂದ ದೆಹಲಿಗೆ ಓಡುವ ಕರ್ನಾಟಕ ಎಕ್ಸ್‌ಪ್ರೆಸ್, ಮುಂಬಯಿಯ ಉದ್ಯಾನ್, ಮೈಸೂರು-ಹುಬ್ಬಳ್ಳಿಯ ಹಂಪಿ, ಹೌರಾದಿಂದ ವಾಸ್ಕೋಗೆ ಹೋಗುವ ಅಮರಾವತಿ ಎಲ್ಲವೂ ಈ ನಿಲ್ದಾಣವನ್ನು ಹಾದೇ ಹೋಗುತ್ತವೆ.

ಎಂಜಿನ್ನಿನ ಮೈಮೇಲಿನ ಬರಹವನ್ನು ಓದಲು ಬಂದರೆ ನೋಟದ ಸೊಗಸು ಇಮ್ಮಡಿಯಾಗುತ್ತದೆ. ಡಬ್ಲ್ಯುಎಪಿ-7 ಎಂಬಲ್ಲಿ ಮೊದಲ ಅಕ್ಷರ ಅಗಲ ಹಳಿಯನ್ನು, ಎರಡನೆಯದು ಪರ್ಯಾಯ ವಿದ್ಯುತ್ತನ್ನು, ಮೂರನೆಯದು ಪ್ರಯಾಣಿಕರ ಗಾಡಿಯನ್ನು ಸೂಚಿಸುತ್ತದೆ. ಡಬ್ಲ್ಯುಎಜಿ-9 ಆದರೆ ಅದು ಗೂಡ್ಸ್ ಎಳೆಯುವುದು. ಎರಡನೆಯ ಅಕ್ಷರ ‘ಡಿ’ ಆಗಿದ್ದರೆ ಡೀಸೆಲ್. ಪಕ್ಕದಲ್ಲೇ ಅದು ಯಾವ ಶೆಡ್ಡಿಗೆ ಸೇರಿದ್ದೆಂದು ಬರೆದಿರುತ್ತದೆ. ನೆರೆಯ ಗುತ್ತಿಯಲ್ಲೇ ದೊಡ್ಡ ಡೀಸೆಲ್ ಶೆಡ್ ಇರುವುದರಿಂದ ಆ ಹೆಸರು ಕಣ್ಣಿಗೆ ಬೀಳದೆ ಇರದು.

ಇನ್ನು ಹೊರಡುವ ಸಿದ್ಧತೆ. ಬಿಸಿಲು ಕಾಲದ ನಡುಹಗಲು ಅಲ್ಲಿ ನಿಲ್ಲಲಾಗದು. ಮುಂಜಾನೆ ಅಥವಾ ಇಳಿಹೊತ್ತೇ ಸರಿ. ಯಾವ ಗಾಡಿ ಎಷ್ಟು ತಡವೆಂಬುದನ್ನು ರೈಲ್ವೆಯ ಎನ್‌ಟಿಇಎಸ್ ಆ್ಯಪ್‌ನಲ್ಲಿ ಹೊರಡುವ ಮುಂಚೆಯೇ ನೋಡಿಕೊಳ್ಳಬೇಕು. ಏಕೆಂದರೆ ಪ್ಲಾಟ್‌ಫಾರಂ ಚೀಟಿಯ ಆಯುಸ್ಸು ಎರಡೇ ಗಂಟೆ. ಊರಿನಿಂದ ಬಂದ ಚೀಟಿಯ ಪ್ರಯಾಣ ಗುಂತಕಲ್ಲಿನಲ್ಲಿ ಮುಗಿಯುತ್ತದೆ. ಅದನ್ನೇ ಹಿಡಿದು ಸಂಜೆಯವರೆಗೆ ಕುಳಿತಿರಲು ಹಕ್ಕಿಲ್ಲ.

ಸಾಮಾನ್ಯವಾಗಿ ಹತ್ತು ರೂಪಾಯಿಯ ಈ ಚೀಟಿಯನ್ನು ದಂಡ ತಪ್ಪಿಸುವ ಕಾಗದವೆಂದಷ್ಟೇ ಜನ ಬಗೆದಿದ್ದಾರೆ. ಅದರ ಬೆಲೆ ಅದಕ್ಕಿಂತ ಹಿರಿದು. 1989ರ ರೈಲ್ವೆ ಕಾಯ್ದೆಯ 124ಎ ಕಲಮು, ಸಿಂಧುವಾದ ಪ್ಲಾಟ್‌ಫಾರಂ ಚೀಟಿ ಉಳ್ಳವನನ್ನೂ ‘ಪ್ರಯಾಣಿಕ’ನೆಂದೇ ಎಣಿಸುತ್ತದೆ. ನಿಲ್ದಾಣದ ಆವರಣದಲ್ಲಿ ಭಯೋತ್ಪಾದಕರ ಕೃತ್ಯ, ದರೋಡೆ, ದೊಂಬಿಯಂತಹ ಘಟನೆಗೆ ಅವನು ಬಲಿಯಾದರೆ ವಾರಸುದಾರರು ಪರಿಹಾರ ಕೇಳಬಹುದು. ಮರಣಕ್ಕೆ 2017ರಿಂದ ಅದರ ಮೊತ್ತ 8 ಲಕ್ಷ ರೂಪಾಯಿ. ಚೀಟಿಯಿಲ್ಲದವನ ಮನೆಯವರು ಈ ಕಲಮಿನ ನೆರಳಿಗೆ ಬರುವುದು ಕಷ್ಟ.

ಆದರೆ ಚೀಟಿ ಇದ್ದಮಾತ್ರಕ್ಕೆ ಹಳಿಗಿಳಿಯುವ ಅಧಿಕಾರ ಬಾರದು. ಅನಧಿಕೃತ ಪ್ರವೇಶಕ್ಕೆ 147ನೇ ಕಲಮಿನ ಪ್ರಕಾರ ಆರು ತಿಂಗಳವರೆಗೆ ಸೆರೆ, ಸಾವಿರ ರೂಪಾಯಿಯವರೆಗೆ ದಂಡ ಅಥವಾ ಎರಡೂ. ‘ಹಳಿಯ ಮೇಲೆ ನಿಂತಿರಲಿಲ್ಲ, ಪಕ್ಕದ ಬಯಲಿನಲ್ಲಿದ್ದೆ’ ಎಂಬ ವಾದವೂ ನಿಲ್ಲದು. ಗಡಿಗುರುತಿನೊಳಗಿನ ನೆಲವೆಲ್ಲವೂ ಕಾಯ್ದೆಯ ಅರ್ಥದಲ್ಲಿ ರೈಲ್ವೆಯೇ. ಸರಿಯಾಗಿ ಒಳಬಂದವನು ಸಿಬ್ಬಂದಿ ಹೇಳಿದ ಮೇಲೂ ಹೊರಹೋಗಲು ಒಪ್ಪದಿದ್ದರೆ ಅದೂ ಅಪರಾಧ. ಕಾನೂನನ್ನು ಬದಿಗಿಟ್ಟರೂ ಅಪಾಯ ಹಾಗೆಯೇ ಇರುತ್ತದೆ. ತಲೆಯ ಮೇಲಿನ ತಂತಿಯಲ್ಲಿ ಹರಿಯುವುದು 25,000 ವೋಲ್ಟ್. ಮೇಲ್ಸೇತುವೆಯಿಂದ ಸೆಲ್ಫಿ ಕೋಲು ಚಾಚುವವನು ಅದನ್ನು ನೆನೆಯಬೇಕು. ವಿದ್ಯುತ್ ಎಂಜಿನ್ ಡೀಸೆಲಿನಂತೆ ದೂರದಿಂದ ಗುಡುಗಿ ಎಚ್ಚರಿಸುವುದಿಲ್ಲ. ವಾಣಿಜ್ಯ ಚಿತ್ರೀಕರಣಕ್ಕಂತೂ ಮುಂಗಡ ಅನುಮತಿ ಬೇಕೇ ಬೇಕು. ಸ್ವಂತಕ್ಕೆ ತೆಗೆಯುವವರೂ ಮೊದಲು ಸ್ಟೇಷನ್ ಮಾಸ್ತರರನ್ನು ಕಂಡು ಒಂದು ಮಾತು ಕೇಳಿದರೆ ಆಮೇಲಿನ ತಕರಾರು ಉಳಿಯುತ್ತದೆ.

ನಿಲ್ದಾಣದ ಹೊರಗೇ ನಿಂತು ನೋಡುವವರಿಗೆ ರೈಲ್ವೆ ಗೇಟು ಒಳ್ಳೆಯ ಜಾಗ. ಮುಚ್ಚಿದ ಗೇಟಿನ ಈಚೆ, ರಸ್ತೆಯ ಮೇಲೆಯೇ ನಿಲ್ಲಬೇಕು. ವಾಹನಗಳಿಗೆ ಮುಚ್ಚಿದ ಗೇಟನ್ನು ತೆರೆದವನಿಗೆ 160ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಸೆರೆಯಿದೆ.

ಗುಂತಕಲ್ಲಿನಲ್ಲಿ ಗೇಟು ಎಂದೊಡನೆ ನೆನಪಾಗಬೇಕಾದ ಹೆಸರೊಂದಿದೆ, ಹಂಪಣ್ಣನದು. 1893ರಲ್ಲಿ ಇಲ್ಲಿ ಗೇಟು ಕಾಯುತ್ತಿದ್ದ ಆತ ಬ್ರಿಟಿಷ್ ಸೈನಿಕರಿಂದ ಇಬ್ಬರು ಹೆಂಗಸರನ್ನು ಕಾಪಾಡಹೋಗಿ ಗುಂಡೇಟಿಗೆ ಪ್ರಾಣತೆತ್ತ. ಗುತ್ತಿಯ ವಕೀಲ ಕೇಶವ ಪಿಳ್ಳೆಯವರು ಆ ಪ್ರಕರಣದ ಬೆನ್ನುಹತ್ತಿದರು. ಮದರಾಸಿನ ನ್ಯಾಯಾಲಯ ಆರೋಪಿಯನ್ನು ಬಿಡುಗಡೆ ಮಾಡಿತು. ಜನ ವಂತಿಗೆ ಎತ್ತಿ ಹಂಪಣ್ಣನಿಗೆ ಸ್ಮಾರಕ ಕಟ್ಟಿಸಿದರು. ರೈಲು ನೋಡಹೋದವರು ಊರಿನವರನ್ನು ಕೇಳಿ ಅದನ್ನೂ ಹುಡುಕಬಹುದು. ಸಂಜೆಯ ಗಾಡಿಗೆ ಇನ್ನೂ ಹೊತ್ತಿದ್ದರೆ ಸಮೀಪದ ಕಸಾಪುರದ ನೆಟ್ಟಿಕಂಟಿ ಆಂಜನೇಯನಿಗೆ ಕೈಮುಗಿದು ಬರಬಹುದು.