ಆಟದ ಮನೆಯ ಓದು: ಹೆದರಿಕೆ ಒಂದು ಕಡೆ, ಅಪಾಯ ಇನ್ನೊಂದು ಕಡೆ

ಮೈಸೂರಿನಲ್ಲಿ ಆಡುವ ಮಕ್ಕಳಿಗೆ ಜಾಗದ ಬರವಿಲ್ಲ. ಚಾಮುಂಡಿ ವಿಹಾರದ ಟ್ರ್ಯಾಕು, ಸರಸ್ವತಿಪುರಂನಲ್ಲಿ ವಿಶ್ವವಿದ್ಯಾನಿಲಯದ ಈಜುಕೊಳ, ಓವಲ್ ಮೈದಾನ, ಗಂಗೋತ್ರಿ ಗ್ಲೇಡ್ಸ್, ಬೆಟ್ಟದ ಮೆಟ್ಟಿಲು, ಹಳೇ ಮೊಹಲ್ಲಾಗಳ ಗರಡಿ ಮನೆಗಳು ಎಲ್ಲವೂ ಸ್ಕೂಟರಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಬರ ಇರುವುದು ಹೊತ್ತಿಗೆ. ಬೆಳಿಗ್ಗೆ ಆರಕ್ಕೆ ತಾಲೀಮು, ಎಂಟೂವರೆಗೆ ಶಾಲೆಯ ವ್ಯಾನು, ಸಂಜೆ ನಾಲ್ಕಕ್ಕೆ ಮನೆ, ಐದಕ್ಕೆ ಮತ್ತೆ ಮೈದಾನ, ಏಳಕ್ಕೆ ಟ್ಯೂಷನ್, ಆಮೇಲೆ ಹೋಂವರ್ಕ್. ತಟ್ಟೆಯ ಮುಂದೆಯೇ ತೂಕಡಿಸುವ ಮಗುವನ್ನು ಕಂಡಾಗ ಅಪ್ಪ ಅಮ್ಮನಿಗೆ ಒಂದು ಯೋಚನೆ ಬರುತ್ತದೆ: ಶಾಲೆ ಬಿಡಿಸಿ ಮನೆಯಲ್ಲೇ ಓದಿಸಿದರೆ ಹೇಗೆ?

ಹಾಗಂದ ಮರುಕ್ಷಣವೇ ಸುತ್ತಲಿಂದ ಮಾತುಗಳು ಶುರುವಾಗುತ್ತವೆ. ಅಜ್ಜಿ, ಸೋದರಮಾವ, ಪಕ್ಕದ ಮನೆಯವರು, ಕೋಚ್, ಹೀಗೆ ಒಬ್ಬೊಬ್ಬರದೂ ಒಂದೊಂದು. ಅದರಲ್ಲಿ ಎಷ್ಟೋ ಮಾತು ತಪ್ಪು. ಹೋಂಸ್ಕೂಲಿಂಗ್ ಹಚ್ಚಿಕೊಂಡವರು ಹೇಳುವ ಭರವಸೆಯ ಮಾತುಗಳಲ್ಲೂ ಅಷ್ಟೇ ತಪ್ಪಿದೆ. ನನಗೆ ಕಾಣುವುದು ಇಷ್ಟು: ಹೆದರಬೇಕಿಲ್ಲದ ಕಡೆ ನಾವು ಬಹಳ ಹೆದರುತ್ತೇವೆ, ಹೆದರಬೇಕಾದ ಕಡೆ ಯಾರೂ ನಮ್ಮನ್ನು ಎಚ್ಚರಿಸುವುದಿಲ್ಲ.

"ಇದೆಲ್ಲ ಅಮೆರಿಕದವರ ಗೀಳು, ನಮ್ಮೂರಿಗೆ ಹೊಂದಲ್ಲ"

ನಮ್ಮೂರಿನ ಅತ್ಯಂತ ಪ್ರಸಿದ್ಧ ವಿದ್ಯಾರ್ಥಿ ಊರ ಶಾಲೆಗೆ ಹೋದವರಲ್ಲ. 1884ರಲ್ಲಿ ಹುಟ್ಟಿದ ನಾಲ್ವಡಿ ಕೃಷ್ಣರಾಜ ಒಡೆಯರ ಓದು ಲೋಕರಂಜನ ಮಹಲಿನಲ್ಲಿ ನಡೆಯಿತು. 1896ರಿಂದ 1902ರವರೆಗೆ ಸ್ಟುವರ್ಟ್ ಫ್ರೇಸರ್ ಅವರ ಗುರು. ಪುಸ್ತಕದ ಪಾಠದ ಜೊತೆಗೆ ಕುದುರೆ ಸವಾರಿ, ಆಟ, ಸಂಗೀತ ಎಲ್ಲವೂ ದಿನಚರಿಯಲ್ಲೇ ಸೇರಿದ್ದವು. ಅರಮನೆಯ ಅನುಕೂಲ ಯಾರಿಗಿದೆ ಎಂದು ಕೇಳಬಹುದು, ನಿಜವೇ. ಆದರೆ ಆ ಏರ್ಪಾಡಿನಲ್ಲಿ ಇವತ್ತಿನ ತಂದೆತಾಯಿ ಗಮನಿಸಬೇಕಾದದ್ದು ಅನುಕೂಲವಲ್ಲ. ಬಾಲ ಮಹಾರಾಜರನ್ನು ಒಂಟಿಯಾಗಿ ಕೂರಿಸಿ ಕಲಿಸಲಿಲ್ಲ, ಓರಗೆಯ ಆಯ್ದ ಹುಡುಗರನ್ನು ಜೊತೆಗೆ ಕೂರಿಸಿದರು. ಅವರಲ್ಲೊಬ್ಬರು ಮುಂದೆ 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್. ಮನೆಯಲ್ಲಿ ಓದಿಸುವುದೆಂದರೆ ಒಂಟಿಯಾಗಿ ಓದಿಸುವುದಲ್ಲ ಎಂಬುದು ಇಲ್ಲಿ ನೂರು ವರ್ಷಕ್ಕೂ ಹಿಂದೆಯೇ ಗೊತ್ತಿತ್ತು.

"ಪೊಲೀಸರು ಬರ್ತಾರೆ", "ಸರ್ಕಾರವೇ ಒಪ್ಪಿದೆ"

ಎರಡೂ ಸರಿಯಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಕೊಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿತು. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಅದರ 10ನೇ ಕಲಮು ಹೇಳುತ್ತದೆ. ಸೇರಿಸದ ಪೋಷಕರಿಗೆ ಶಿಕ್ಷೆ ವಿಧಿಸುವ ಕಲಮು ಆ ಕಾಯ್ದೆಯಲ್ಲಿಲ್ಲ. ಹೋಂಸ್ಕೂಲಿಂಗನ್ನು ಹೆಸರಿಸಿ ಒಪ್ಪುವ ಅಥವಾ ನೋಂದಾಯಿಸಿಕೊಳ್ಳುವ ಕಲಮೂ ಇಲ್ಲ.

ಹಾಗಾಗಿ ಟಿಸಿ ತೆಗೆದುಕೊಂಡ ಮಗು ಇಲಾಖೆಯ ಲೆಕ್ಕದಲ್ಲಿ ಶಾಲೆ ಬಿಟ್ಟ ಮಗುವಾಗಿ ಕಾಣಿಸಬಹುದು. ಮನೆಗೆ ಬಂದು ವಿಚಾರಿಸುವ ಸಿಆರ್‌ಪಿ, ಅಂದರೆ ಇಲಾಖೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ ಮೇಲೆ ಸಿಟ್ಟಾಗುವುದು ಅನ್ಯಾಯ. ಬಾಲಕಾರ್ಮಿಕರಾಗಿ, ಬಾಲವಧುಗಳಾಗಿ ಕಳೆದುಹೋಗುವ ಮಕ್ಕಳನ್ನು ಹುಡುಕುವುದು ಅವರ ಕೆಲಸ. ಮಗು ಏನು ಓದುತ್ತಿದೆ, ಏನು ಬರೆದಿದೆ ಎಂದು ತೋರಿಸಲು ತಾರೀಖು ಹಾಕಿದ ನೋಟ್‌ಪುಸ್ತಕಗಳು ಮನೆಯಲ್ಲಿದ್ದರೆ ಮಾತು ಸುಲಭವಾಗುತ್ತದೆ.

ಮರಳುವ ಬಾಗಿಲು ಮುಚ್ಚುವುದಿಲ್ಲ ಎಂಬುದೂ ಕಾನೂನಿನಲ್ಲೇ ಇದೆ. ಶಾಲೆಯ ಹೊರಗಿದ್ದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಹಿಂದೆ ಬಿದ್ದಿದ್ದರೆ ವಿಶೇಷ ತರಬೇತಿ ಕೊಡಬೇಕು ಎನ್ನುತ್ತದೆ 4ನೇ ಕಲಮು.

"ದಿನಕ್ಕೆ ಏಳು ಗಂಟೆ ಪಾಠ ಮನೆಯಲ್ಲಿ ಆಗೋ ಮಾತಾ?"

ಏಳು ಗಂಟೆ ಪಾಠ ಶಾಲೆಯಲ್ಲೂ ಆಗುವುದಿಲ್ಲ. ಅದೇ ಕಾಯ್ದೆಯ ಅನುಸೂಚಿ ನೋಡಿ: 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ಕೆಲಸದ ದಿನ, 800 ಬೋಧನಾ ಗಂಟೆ. 6ರಿಂದ 8ಕ್ಕೆ 220 ದಿನ, 1000 ಗಂಟೆ. ಭಾಗಿಸಿದರೆ ಚಿಕ್ಕ ಮಕ್ಕಳಿಗೆ ದಿನಕ್ಕೆ 4 ಗಂಟೆ, ದೊಡ್ಡವರಿಗೆ ನಾಲ್ಕೂವರೆ. ಅದೂ ಒಬ್ಬ ಶಿಕ್ಷಕರ ಎದುರು ಮೂವತ್ತು ಮಕ್ಕಳು ಕೂರುವ ತರಗತಿಯ ಲೆಕ್ಕ. ಒಂದೋ ಎರಡೋ ಮಕ್ಕಳ ಮುಂದೆ ಕೂತು ಕಲಿಸುವಾಗ ಹಾಜರಿ ಕರೆಯುವುದಿಲ್ಲ, ಬೋರ್ಡಿನಿಂದ ಎಲ್ಲರೂ ಬರೆದುಕೊಳ್ಳಲಿ ಎಂದು ಕಾಯುವುದಿಲ್ಲ. ಬೆಳಗಿನ ತಾಲೀಮು ಮುಗಿಸಿ, ತಿಂಡಿ ತಿಂದು, ಒಂಬತ್ತೂವರೆಯಿಂದ ಹನ್ನೆರಡರವರೆಗೆ ಗಣಿತ ಮತ್ತು ಭಾಷೆ, ಊಟವಾಗಿ ಮಲಗಿ ಎದ್ದ ಮೇಲೆ ಒಂದೂವರೆ ಗಂಟೆ ವಿಜ್ಞಾನ, ಸಮಾಜ, ಓದು. ಪ್ರಾಥಮಿಕ ಹಂತಕ್ಕೆ ಇಷ್ಟು ಸಾಕು.

ಹೊತ್ತಿನ ನಿಜವಾದ ಪ್ರಶ್ನೆ ಮಗುವಿನದಲ್ಲ, ಅಮ್ಮನದು. ಬೆಳಿಗ್ಗೆ ಮೈದಾನಕ್ಕೆ ಬಿಡುವುದು, ತಿಂಡಿ, ಪಾಠ, ಅಡಿಗೆ, ಸಂಜೆ ಮತ್ತೆ ಮೈದಾನ ಎಲ್ಲ ಒಬ್ಬರ ಮೇಲೇ ಬಿದ್ದು, ಆ ಒಬ್ಬರು ಕೆಲಸ ಬಿಟ್ಟ ಅಮ್ಮನೇ ಆಗಿದ್ದರೆ, ಆ ಮನೆಯ ಏರ್ಪಾಡು ವರ್ಷ ತುಂಬುವ ಮೊದಲೇ ಸೋಲುತ್ತದೆ. ಗಣಿತ ಅಪ್ಪನದೋ, ಕನ್ನಡ ತಾತನದೋ ಎಂದು ಮೊದಲೇ ಹಂಚಿಕೊಳ್ಳದ ಮನೆಗೆ ನಾನು ಹೋಂಸ್ಕೂಲಿಂಗ್ ಸಲಹೆ ಕೊಡಲಾರೆ. ದಿನಗೂಲಿಯ ಮನೆಗಂತೂ ಇದು ದಾರಿಯೇ ಅಲ್ಲ. ಅಲ್ಲಿ ಶಾಲೆಯೆಂದರೆ ಹಾಲು, ಬಿಸಿಯೂಟ, ಸುರಕ್ಷತೆ. ಆ ಮಗು ಚೆನ್ನಾಗಿ ಓಡುತ್ತದೆ ಎಂದು ಶಾಲೆ ಬಿಡಿಸಲು ಹೇಳುವ ಕೋಚ್ ಮಗುವಿಗೆ ಉಪಕಾರ ಮಾಡುತ್ತಿಲ್ಲ.

"ಆಡ್ತಾ ಆಡ್ತಾ ಗಣಿತ, ವಿಜ್ಞಾನ ಎಲ್ಲ ತಾನೇ ಬರುತ್ತೆ"

ಇದು ಹೋಂಸ್ಕೂಲಿಂಗ್ ಮನೆಗಳ ಒಳಗಿನ ನಂಬಿಕೆ. ಕೇಳಲು ಹಿತ, ಆದ್ದರಿಂದಲೇ ಹೆಚ್ಚು ಅಪಾಯ. ಆಟ ಪ್ರಶ್ನೆ ಕೊಡುತ್ತದೆ, ಉತ್ತರಕ್ಕೆ ಪೆನ್ಸಿಲ್ ಹಿಡಿದು ಕೂರಲೇಬೇಕು.

400 ಮೀಟರ್ ಓಟವನ್ನೇ ತೆಗೆದುಕೊಳ್ಳಿ. ಎರಡನೇ ಲೇನಿನ ಹುಡುಗಿ ಮೊದಲನೇ ಲೇನಿನವಳಿಗಿಂತ ಮುಂದೆ ನಿಂತು ಹೊರಡುತ್ತಾಳೆ. ಏಕೆ ಎಂದು ಯಾವ ಮಗುವಾದರೂ ಕೇಳುತ್ತದೆ. ಹೊರಗಿನ ವೃತ್ತ ದೊಡ್ಡದು ಎನ್ನುವ ತನಕ ಮೈದಾನವೇ ಕಲಿಸಿತು. ಎಷ್ಟು ಮುಂದೆ? ಲೇನಿನ ಅಗಲ 1.22 ಮೀಟರ್. ಎರಡು ಅರ್ಧವೃತ್ತ ಸೇರಿದರೆ ಒಂದು ಪೂರ್ಣ ವೃತ್ತ, ಆದ್ದರಿಂದ ವ್ಯತ್ಯಾಸ 2 × ಪೈ × 1.22, ಅಂದರೆ ಸುಮಾರು 7.67 ಮೀಟರ್ ಇರಬೇಕು. ಎರಡನೇ ಮತ್ತು ಮೂರನೇ ಲೇನಿನ ನಡುವೆ ಇಷ್ಟೇ ಇರುತ್ತದೆ. ಆದರೆ ಮೊದಲ ಮತ್ತು ಎರಡನೇ ಲೇನಿನ ನಡುವೆ ಟೇಪು ಹಿಡಿದರೆ ಸಿಗುವುದು 7.04. ಲೆಕ್ಕ ತಪ್ಪಿತೇ? ಇಲ್ಲ. ಮೊದಲ ಲೇನಿಗೆ ಒಳಬದಿಯಲ್ಲಿ ಎತ್ತರದ ಅಂಚು ಇರುವುದರಿಂದ ಓಟದ ದೂರವನ್ನು ಅದರಿಂದ 30 ಸೆಂಟಿಮೀಟರ್ ಬಿಟ್ಟು ಅಳೆಯುತ್ತಾರೆ. ಉಳಿದ ಲೇನುಗಳಲ್ಲಿ ಒಳಗೆರೆಯಿಂದ 20 ಸೆಂಟಿಮೀಟರ್ ಮಾತ್ರ. ಹಾಗಾಗಿ ಮೊದಲ ಎರಡು ಲೇನಿನ ತ್ರಿಜ್ಯಗಳ ವ್ಯತ್ಯಾಸ 1.22 ಅಲ್ಲ, 1.12. ಅದನ್ನು 2 ಪೈನಿಂದ ಗುಣಿಸಿದರೆ ಸರಿಯಾಗಿ 7.04.

ಈ ಪಾಠದ ಸುಖ ದೊಡ್ಡದು. ದಿನವೂ ಓಡುವ ಮಗುವಿಗೆ ತ್ರಿಜ್ಯ ಎಂಬುದು ಪುಸ್ತಕದ ಗೆರೆಯಾಗಿ ಉಳಿಯುವುದಿಲ್ಲ, ಕಾಲಿಗೆ ಗೊತ್ತಿರುವ ವಸ್ತುವಾಗುತ್ತದೆ. ಆದರೆ ದಶಮಾಂಶದ ಗುಣಾಕಾರ ಮೊದಲೇ ಕೈಗೆ ಬಂದಿರದಿದ್ದರೆ ಈ ಸುಖ ಸಿಗುವುದೇ ಇಲ್ಲ. ಭಿನ್ನರಾಶಿ, ಬೀಜಗಣಿತ, ಒತ್ತಕ್ಷರ ತಪ್ಪದ ಕನ್ನಡ, ಒಂದು ಪುಟ ತಾನೇ ಯೋಚಿಸಿ ಬರೆಯುವುದು ಇವು ಯಾವುವೂ ಟ್ರ್ಯಾಕಿನಲ್ಲಿ ಬರುವುದಿಲ್ಲ. ಕೋಚ್ ಸ್ಪ್ರಿಂಟನ್ನು ಹೇಗೆ ದಿನವೂ ಮಾಡಿಸುತ್ತಾರೋ ಹಾಗೆ ದಿನವೂ ಮಾಡಿಸಬೇಕು.

"ಎನ್‌ಐಒಎಸ್ ಸರ್ಟಿಫಿಕೇಟಿಗೆ ಬೆಲೆ ಇಲ್ಲ"

ಇದೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ 1989ರಲ್ಲಿ ಹುಟ್ಟಿತು, ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗಿದೆ. ಹದಿನಾಲ್ಕು ತುಂಬಿದವರು ಹತ್ತನೇ ತರಗತಿಗೆ ಹೆಸರು ನೋಂದಾಯಿಸಬಹುದು. ಐದು ವಿಷಯ ಸಾಕು. ನೋಂದಣಿ ಐದು ವರ್ಷ ಬಾಳುತ್ತದೆ, ಅಷ್ಟರಲ್ಲಿ ಒಂಬತ್ತು ಸಲ ಪರೀಕ್ಷೆಗೆ ಕೂರಬಹುದು. ಏಪ್ರಿಲ್-ಮೇನಲ್ಲಿ ಎರಡು ವಿಷಯ, ಅಕ್ಟೋಬರ್-ನವೆಂಬರಿನಲ್ಲಿ ಮೂರು ವಿಷಯ ಎಂದು ಹಂಚಿಕೊಂಡು ಬರೆದರೂ ಪಾಸಾದದ್ದು ಜಮೆಯಾಗಿರುತ್ತದೆ. ಟೂರ್ನಮೆಂಟುಗಳಿಗೆ ಓಡಾಡುವ ಮಗುವಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಮುಕ್ತ ಶಾಲೆಯಲ್ಲಿ ಓದಿದವರನ್ನು ನೀಟ್‌ನಿಂದ ಹೊರಗಿಡುವ ನಿಯಮವನ್ನೂ 2018ರಲ್ಲಿ ದೆಹಲಿ ಹೈಕೋರ್ಟ್ ರದ್ದುಮಾಡಿತು. ಮನೆಯಲ್ಲೇ ಓದಿ, ಖಾಸಗಿ ಅಭ್ಯರ್ಥಿಯಾಗಿ ರಾಜ್ಯದ ಎಸ್ಸೆಸ್ಸೆಲ್ಸಿ ಬರೆಯುವ ದಾರಿಯೂ ಉಂಟು.

ಆದರೆ "ಎನ್‌ಐಒಎಸ್ ಇದ್ದರೆ ಎಲ್ಲ ಆಯಿತು" ಎಂಬ ಮಾತು ಅಷ್ಟೇ ತಪ್ಪು. ಯಾರೂ ಎಚ್ಚರಿಸದ ಜಾಗ ಇದು. ಸಿಇಟಿಯಲ್ಲಿ ಸರ್ಕಾರಿ ಸೀಟಿಗೆ ಹೆಚ್ಚಿನವರು ಅರ್ಹರಾಗುವುದು 'ಎ' ಕಲಮಿನಡಿ. ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯೊಳಗೆ ಕರ್ನಾಟಕದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕು ಎಂಬುದು ಆ ಕಲಮು. ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಓ ಮೇಲುಸಹಿ ಬೇಕು. ಮನೆಯಲ್ಲಿ ಓದಿದ ವರ್ಷಗಳಿಗೆ ಅಂಥ ಪತ್ರ ಬರೆದುಕೊಡುವವರು ಯಾರು? ಲೆಕ್ಕ ಹಾಕಿ ನೋಡಿ. ಐದನೇ ತರಗತಿ ಮುಗಿಸಿ ಮನೆಗೆ ಬಂದು, ಪಿಯುಸಿಗೆ ಮತ್ತೆ ಕಾಲೇಜು ಸೇರಿದ ಮಗುವಿಗೆ ಐದು ಮತ್ತು ಎರಡು, ಏಳು ವರ್ಷ ಸಿಗುತ್ತದೆ. ನಾಲ್ಕನೇ ತರಗತಿಗೇ ಬಿಡಿಸಿದರೆ ಆರು. ಹತ್ತು ವರ್ಷದ ಮಗುವಿನ ವಿಷಯದಲ್ಲಿ ಅವಸರಪಟ್ಟ ಒಂದೇ ಒಂದು ವರ್ಷ ಹದಿನೆಂಟರಲ್ಲಿ ಎದುರಿಗೆ ಬಂದು ನಿಲ್ಲುತ್ತದೆ. ತಂದೆ ಅಥವಾ ತಾಯಿಯ ಓದನ್ನು ಪರಿಗಣಿಸುವ ಬೇರೆ ಕಲಮುಗಳೂ ಇವೆ. ಕನ್ನಡ ಮಾಧ್ಯಮ ಮತ್ತು ಗ್ರಾಮೀಣ ಮೀಸಲಾತಿಗೆ ಮಾತ್ರ ಹತ್ತು ವರ್ಷದ ಶಾಲಾ ಓದು ಬೇಕು. ಶಾಲೆಗೆ ಟಿಸಿ ಅರ್ಜಿ ಕೊಡುವ ಮುಂಚೆ ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಿಕೆಯನ್ನು ಒಮ್ಮೆ ಪೂರ್ತಿ ಓದಿ. ಆ ಒಂದು ಸಂಜೆಯ ಓದು ಎಷ್ಟೋ ವರ್ಷದ ಸಂಕಟ ತಪ್ಪಿಸುತ್ತದೆ.

"ಶಾಲೆ ಇಲ್ಲದ ಮಗುವಿಗೆ ಟೂರ್ನಮೆಂಟೇ ಇಲ್ಲ"

ಅರ್ಧ ನಿಜ. ಶಿಕ್ಷಣ ಇಲಾಖೆಯ ಕ್ರೀಡಾಕೂಟಗಳು, ಅವುಗಳ ಮೇಲಿನ ಹಂತವಾದ ರಾಷ್ಟ್ರೀಯ ಶಾಲಾ ಕ್ರೀಡಾಕೂಟ, ಅಂತರಶಾಲಾ ಕ್ರಿಕೆಟ್ ಇವೆಲ್ಲ ಶಾಲೆಯ ಹೆಸರಿನಲ್ಲೇ ನಡೆಯುವಂಥವು, ಅಲ್ಲಿ ಜಾಗವಿಲ್ಲ. ಅಥ್ಲೆಟಿಕ್ಸ್, ಈಜು, ಟೆನಿಸ್, ಚೆಸ್ ಮುಂತಾದವುಗಳಲ್ಲಿ ರಾಜ್ಯ ಸಂಸ್ಥೆಗಳ ವಯೋಮಿತಿ ಸ್ಪರ್ಧೆಗಳಿಗೆ ಕ್ಲಬ್ ಮೂಲಕವೋ ನೇರವಾಗಿಯೋ ಹೋಗಬಹುದು. ಅಲ್ಲಿ ಮುಖ್ಯವಾಗಿ ಬೇಕಾಗುವುದು ಜನನ ಪ್ರಮಾಣಪತ್ರ. ಕಬಡ್ಡಿ, ಖೋಖೋ ಆಡುವ ಮಗುವಿಗೆ ಶಾಲೆ ಬಿಟ್ಟರೆ ನಷ್ಟ ಹೆಚ್ಚು, ಈಜುವ ಮಗುವಿಗೆ ಕಡಿಮೆ. ಆಟ ಯಾವುದು ಎಂಬುದರ ಮೇಲೆ ತೀರ್ಮಾನ ನಿಲ್ಲಬೇಕು.

"ಸ್ನೇಹಿತರೇ ಇರಲ್ಲ"

ಮೈದಾನಕ್ಕೆ ಹೋಗುವ ಮಗುವಿಗೆ ಸ್ನೇಹಿತರ ಕೊರತೆ ಬರುವುದು ಅಪರೂಪ. ಒಂದು ಸೂಕ್ಷ್ಮ ಮಾತ್ರ ಇದೆ. ಅಲ್ಲಿನ ಗೆಳೆಯರೆಲ್ಲ ಪೈಪೋಟಿಯವರೂ ಹೌದು. ತನ್ನ ಟೈಮಿಂಗ್ ಎಷ್ಟೆಂದು ಕೇಳದ ಗೆಳೆಯರೂ ಮಗುವಿಗೆ ಬೇಕು. ಬೇಸಿಗೆಯಲ್ಲಿ ರಂಗಾಯಣದ ಚಿಣ್ಣರ ಮೇಳ, ಮೃಗಾಲಯದ ಯೂತ್ ಕ್ಲಬ್, ಬೀದಿಯ ಗೋಲಿ ಲಗೋರಿ ಆ ಕೆಲಸ ಮಾಡುತ್ತವೆ.

"ಶಾಲೆ ಬಿಟ್ಟರಷ್ಟೇ ದೊಡ್ಡ ಆಟಗಾರ"

ಹದಿನೆಂಟನೇ ವಯಸ್ಸಿಗೆ, 2024ರ ಡಿಸೆಂಬರಿನಲ್ಲಿ ಚೆಸ್ ವಿಶ್ವ ಚಾಂಪಿಯನ್ ಆದ ಗುಕೇಶ್ ನಾಲ್ಕನೇ ತರಗತಿಯ ನಂತರ ಪೂರ್ಣಾವಧಿ ಶಾಲೆಗೆ ಹೋಗಲಿಲ್ಲ. ಆ ಹೆಸರು ಈಗ ಎಲ್ಲರ ಬಾಯಲ್ಲೂ ಇದೆ. ಜಾವಗಲ್ ಶ್ರೀನಾಥ್ ಹೆಸರನ್ನೂ ಪಕ್ಕದಲ್ಲಿಡಿ. ನಮ್ಮ ಮರಿಮಲ್ಲಪ್ಪ ಶಾಲೆ, ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್, 1989-90ರಲ್ಲಿ ಹೈದರಾಬಾದ್ ವಿರುದ್ಧ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್. ಇಬ್ಬರ ದಾರಿಯೂ ನಿಜ. ಶಾಲೆ ಬಿಟ್ಟೂ ಎಲ್ಲಿಗೂ ತಲುಪದ ಮಕ್ಕಳ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ ಎಂಬುದನ್ನು ಮರೆಯಬಾರದು.

ಎಲ್ಲಕ್ಕಿಂತ ನನ್ನನ್ನು ಕಾಡುವ ನಂಬಿಕೆ ಇದರ ಬೆನ್ನಿಗೇ ಇದೆ: ಶಾಲೆ ಇಲ್ಲದ ಮೇಲೆ ಮೂರು ಹೊತ್ತೂ ತಾಲೀಮು ಮಾಡಿಸಬಹುದು ಎಂಬುದು. ಉಳಿದ ಹೊತ್ತೆಲ್ಲ ಹೀಗೆ ಆಟಕ್ಕೇ ಹೋದರೆ ಇಡೀ ಏರ್ಪಾಡಿನ ಉದ್ದೇಶವೇ ಕೆಡುತ್ತದೆ. 5ರಿಂದ 17 ವರ್ಷದವರ ಆರೋಗ್ಯಕ್ಕೆ ದಿನಕ್ಕೆ ಸರಾಸರಿ ಕನಿಷ್ಠ 60 ನಿಮಿಷದ ಚುರುಕು ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸ್ಪರ್ಧೆಗೆ ಇಳಿದವರಿಗೆ ಹೆಚ್ಚು ಬೇಕು, ಸರಿ. ಅವರಿಗೂ ಕ್ರೀಡಾ ವೈದ್ಯರು ಹೇಳುವ ಸುಲಭದ ಅಳತೆ ಒಂದಿದೆ: ವಾರದ ತರಬೇತಿಯ ಗಂಟೆಗಳು ಮಗುವಿನ ವಯಸ್ಸನ್ನು ಮೀರಬಾರದು. ಹತ್ತು ವರ್ಷದವನಿಗೆ ವಾರಕ್ಕೆ ಹತ್ತು ಗಂಟೆ. ವಾರದಲ್ಲಿ ಒಂದೆರಡು ದಿನ ಪೂರ್ಣ ಬಿಡುವು. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ, ಹದಿಹರೆಯದವರಿಗೆ 8ರಿಂದ 10. ಬೆಳೆಯುವ ಮೂಳೆಯ ತುದಿಗಳು ಎಲುಬಿನ ಅತ್ಯಂತ ಮೆತ್ತಗಿನ ಭಾಗ, ಒಂದೇ ಚಲನೆಯನ್ನು ವರ್ಷಪೂರ್ತಿ ಮಾಡಿಸಿದರೆ ನೋವು ಮೊದಲು ಕಾಣಿಸುವುದು ಅಲ್ಲೇ. ಮಂಡಿಯ ಕೆಳಗೆ, ಹಿಮ್ಮಡಿಯಲ್ಲಿ, ಬೌಲರನ ಸೊಂಟದಲ್ಲಿ ಬರುವ ನೋವನ್ನು "ಬೆಳೆಯೋ ನೋವು" ಎಂದು ತಳ್ಳಿಹಾಕದೆ ಮೂಳೆ ವೈದ್ಯರಿಗೆ ತೋರಿಸಿ. ಮನೆಯಲ್ಲಿ ಓದುವ ಮಗುವಿಗೆ "ಇವತ್ತು ಬೇಡ" ಎಂದು ತಡೆಯುವ ಪಿಟಿ ಮೇಷ್ಟ್ರು ಇರುವುದಿಲ್ಲ. ಆ ಮಾತನ್ನು ಹೇಳುವವರು ಯಾರು, ಕೋಚ್ ಒಪ್ಪದಿದ್ದರೂ ಅದು ನಡೆಯಬೇಕೇ ಎಂಬುದನ್ನು ಟಿಸಿಗೆ ಅರ್ಜಿ ಬರೆಯುವ ಮೊದಲು ಅಪ್ಪ ಅಮ್ಮ ಕೂತು ತೀರ್ಮಾನಿಸಲಿ, ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು.